ಸೇತುವೆಗೆ ಮೊದಲು ಪುರಾತತ್ವದವರು ಹೊಲಕ್ಕೆ ಬಂದರೆ ಕೆಲಸ ನಿಂತುಹೋಗುತ್ತದೆಯೇ?

ಓದುಗರ ಪ್ರಶ್ನೆ

"ಸರ್, ನಮ್ಮದು ಕೊಪ್ಪಳ ಜಿಲ್ಲೆಯಲ್ಲಿ ತುಂಗಭದ್ರೆಯ ದಂಡೆಯ ಮೇಲಿನ ಹಳ್ಳಿ. ಎಷ್ಟೋ ವರ್ಷ ಅರ್ಜಿ ಹಾಕಿದ ಮೇಲೆ ಹೊಳೆಗೆ ಸೇತುವೆ ಮಂಜೂರಾಗಿದೆ. ಮಳೆಗಾಲದಲ್ಲಿ ಹರಿಗೋಲು ನಿಂತರೆ ಆಚೆ ದಂಡೆಗೆ ದೊಡ್ಡ ಸುತ್ತು ಹಾಕಿ ಹೋಗಬೇಕು. ಸೇತುವೆಯ ಅಪ್ರೋಚ್ ರಸ್ತೆ ನಮ್ಮ ಹೊಲದ ಮೂಲೆಯಲ್ಲಿ ಹಾದು ಹೋಗುತ್ತದಂತೆ. ಅಲ್ಲಿ ಒಂದು ದಿಬ್ಬ ಇದೆ, ಊರವರು ಅದನ್ನು ಹಾಳೂರು ಅನ್ನುತ್ತಾರೆ. ದಿಬ್ಬದ ಪಕ್ಕ ಬೇವಿನ ಗಿಡದ ಕೆಳಗೆ ಒಂದು ವೀರಗಲ್ಲು ಇದೆ. ಕಳೆದ ತಿಂಗಳು ಇಬ್ಬರು ಹುಡುಗರು ಬಂದು ಹೊಲವೆಲ್ಲ ಸುತ್ತಾಡಿ, ಮಡಕೆಯ ಬೋಕಿ ಆರಿಸಿ, ಮೊಬೈಲಿನಲ್ಲಿ ಏನೋ ಗುರುತು ಹಾಕಿಕೊಂಡು ಹೋದರು. ಪುರಾತತ್ವ ಸಮೀಕ್ಷೆ ಅಂದರು. ಅವತ್ತಿನಿಂದ ಊರಲ್ಲಿ ಒಂದೇ ಮಾತು: 'ಇವರು ಕಾಲಿಟ್ಟ ಮೇಲೆ ಸೇತುವೆ ಮುಗೀತು, ಹಂಪಿ ಕಡೆ ಆಗಿದ್ದು ನೋಡಿಲ್ವಾ?' ಹೊಲವೂ ಸರ್ಕಾರಕ್ಕೆ ಹೋಗುತ್ತದೆ ಅಂತ ಹೆದರಿಸುತ್ತಿದ್ದಾರೆ. ನನ್ನ ದೊಡ್ಡಪ್ಪನ ಮಗ, ಅವರು ಮತ್ತೆ ಬರುವುದರೊಳಗೆ ಜೆಸಿಬಿ ತರಿಸಿ ದಿಬ್ಬ ಮಟ್ಟ ಮಾಡಿಬಿಡೋಣ ಅನ್ನುತ್ತಿದ್ದಾನೆ. ಇನ್ನೊಂದು ವಿಷಯ. ಅಪ್ಪ ಉಳುವಾಗ ಸಿಕ್ಕ ನಾಲ್ಕೈದು ಹಳೆಯ ನಾಣ್ಯ ದೇವರ ಕೋಣೆಯಲ್ಲಿವೆ. ಏನು ಮಾಡಬೇಕು ತಿಳಿಸಿ."

ಉತ್ತರ

ಮೊದಲು ಜೆಸಿಬಿಯ ವಿಷಯ. ದಯವಿಟ್ಟು ತರಿಸಬೇಡಿ. ಬೋಕಿ ಆರಿಸಿದ ಜಾಗ ಆಗಲೇ ನಕ್ಷೆಯಲ್ಲಿ ಗುರುತಾಗಿದೆ. ಈಗ ದಿಬ್ಬ ಮಾಯವಾದರೆ ಮೊದಲು ಕೇಳುವುದು ಹೊಲದ ಮಾಲೀಕರನ್ನೇ. ಅದಕ್ಕಿಂತ ಮುಖ್ಯವಾಗಿ, ದಿಬ್ಬ ಮಟ್ಟ ಮಾಡಿದರೂ ಅದರ ಬುಡ ನೆಲದೊಳಗೆ ಉಳಿದೇ ಇರುತ್ತದೆ. ನಾಳೆ ಗುತ್ತಿಗೆದಾರನ ಯಂತ್ರ ಅಲ್ಲಿ ಅಗೆದಾಗ ಗೋಡೆಯೋ ಸಮಾಧಿಯೋ ಮೂರ್ತಿಯೋ ಎದ್ದು ಬಂತು ಅಂದುಕೊಳ್ಳಿ. ಆಗ ಕೆಲಸ ನಿಜವಾಗಿಯೂ ನಿಲ್ಲುತ್ತದೆ. ಮಂಜೂರಾದ ಹಣ ಕೂತಲ್ಲೇ ಕೂರುತ್ತದೆ, ಯಂತ್ರಗಳ ಬಾಡಿಗೆ ಓಡುತ್ತಿರುತ್ತದೆ, ಗುತ್ತಿಗೆದಾರ ನ್ಯಾಯಾಲಯದ ದಾರಿ ಹಿಡಿಯುತ್ತಾನೆ. ನದಿ ದಂಡೆಗಳಲ್ಲಿ ಕೆಲಸ ಮಾಡಿದ ಅನುಭವದಿಂದ ಹೇಳುತ್ತೇನೆ: ಕಾಗದದ ಮೇಲೆ ಗೆರೆ ಎಳೆಯುವ ಹಂತದಲ್ಲಿ ಸಿಕ್ಕ ಹಳೆಯ ಊರು ಸೇತುವೆಯನ್ನು ನಿಲ್ಲಿಸುವುದು ಬಹಳ ಅಪರೂಪ. ಅಗೆತ ಶುರುವಾದ ಮೇಲೆ ಸಿಕ್ಕ ಊರೇ ನಿಲ್ಲಿಸುವುದು. ನಿಮ್ಮ ಹೊಲಕ್ಕೆ ಬಂದ ಆ ಹುಡುಗರು ಬೇಗ ಬಂದಿದ್ದಾರೆ. ಅದು ನಿಮ್ಮ ಸೇತುವೆಗೆ ಒಳ್ಳೆಯದೇ.

ಹಂಪಿಯ ಮಾತು ಪ್ರತಿ ಊರಲ್ಲೂ ಬರುತ್ತದೆ. ಅದನ್ನು ಅರ್ಧ ಮಾತ್ರ ಹೇಳುತ್ತಾರೆ, ಅದಕ್ಕೇ ಸ್ವಲ್ಪ ಪೂರ್ತಿ ಹೇಳುತ್ತೇನೆ.

ಹಂಪಿ 1986ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1990ರ ದಶಕದಲ್ಲಿ ಆ ಪ್ರದೇಶದ ಒಳಗೇ ಎರಡು ತೂಗುಸೇತುವೆಗಳ ಕೆಲಸ ಶುರುವಾಯಿತು. ಒಂದು ಹೊಳೆಯ ನಡುವಿನ ವಿರೂಪಾಪುರ ಗಡ್ಡೆಗೆ ಕಾಲುಸೇತುವೆ. ಇನ್ನೊಂದು ತಳವಾರಘಟ್ಟದಿಂದ ಆಚೆ ದಂಡೆಯ ಆನೆಗೊಂದಿಗೆ ವಾಹನ ಓಡಾಡುವ ಸೇತುವೆ. ಗಡ್ಡೆಯ ಸೇತುವೆಗೆ ಅಡ್ಡ ಬಂತೆಂದು ಹಳೆಯ ಮಂಟಪವೊಂದನ್ನು ಬಿಚ್ಚಿ ಬೇರೆ ಕಡೆ ಇಟ್ಟರು. ಕಂಬಗಳು ಮೇಲೆದ್ದ ಮೇಲೆ ಗಲಾಟೆ ಎದ್ದಿತು. 1999ರಲ್ಲಿ ಯುನೆಸ್ಕೋ ಹಂಪಿಯನ್ನು 'ಅಪಾಯದಲ್ಲಿರುವ ತಾಣಗಳ' ಪಟ್ಟಿಗೆ ಹಾಕಿತು. ಆಮೇಲೆ ಹಂಪಿಗೆ ಪ್ರತ್ಯೇಕ ನಿರ್ವಹಣಾ ಪ್ರಾಧಿಕಾರದ ಕಾಯ್ದೆ ಬಂತು, ಮಾತುಕತೆಗಳಾದವು. 2006ರಲ್ಲಿ ಆ ಪಟ್ಟಿಯಿಂದ ಹೆಸರು ತೆಗೆದರು. ಆನೆಗೊಂದಿ ಸೇತುವೆಯ ಕೆಲಸ ಮತ್ತೆ ನಡೆಯಿತು. 2009ರ ಜನವರಿಯಲ್ಲಿ ಕಟ್ಟುತ್ತಿದ್ದ ಆ ಸೇತುವೆ ಕುಸಿದು ಬಿತ್ತು, ಕಾರ್ಮಿಕರು ಸತ್ತರು. ಕೊನೆಗೆ ವಾಹನಗಳಿಗಾಗಿ ಸ್ಮಾರಕಗಳ ದಟ್ಟಣೆಯಿಂದ ದೂರದಲ್ಲಿ, ಬುಕ್ಕಸಾಗರ ಮತ್ತು ಕಡೇಬಾಗಿಲು ನಡುವೆ ಸೇತುವೆ ಆಯಿತು.

ಇದರಲ್ಲಿ ಪುರಾತತ್ವ ಸಮೀಕ್ಷೆಯಿಂದಾಗಿ ಸೇತುವೆ ನಿಂತದ್ದು ಎಲ್ಲಿ? ಜಾಗ ಆರಿಸುವ ಮೊದಲೇ ಪರಂಪರೆಯ ಮೇಲೆ ಏನು ಪರಿಣಾಮ ಅಂತ ಕೂತು ನೋಡಿದ್ದರೆ, ಬುಕ್ಕಸಾಗರದ ಯೋಚನೆ ಒಂದೂವರೆ ದಶಕ ಮೊದಲೇ ಬರುತ್ತಿತ್ತು. ಕುಸಿದು ಬಿದ್ದದ್ದಕ್ಕೂ ಪುರಾತತ್ವಕ್ಕೂ ಸಂಬಂಧ ಇಲ್ಲ. ಆನೆಗೊಂದಿಯವರ ಸಿಟ್ಟು ಮಾತ್ರ ನ್ಯಾಯವಾದದ್ದು. ಅಷ್ಟು ವರ್ಷ ಹರಿಗೋಲಲ್ಲಿ ಜೀವ ಕೈಯಲ್ಲಿ ಹಿಡಿದು ಓಡಾಡಿದ್ದು ಅವರೇ ತಾನೇ. ಸೇತುವೆಯೇ ಬೇಡ ಅನ್ನುವ ಪರಂಪರೆ ಪ್ರೇಮಿಗಳು ನಿಮಗೆ ಸಿಕ್ಕರೆ ಆಗಸ್ಟ್ ತಿಂಗಳಲ್ಲಿ ಒಮ್ಮೆ ಹೊಳೆ ದಾಟಿಸಿ.

ಹಂಪಿಯಿಂದ ಕಲಿಯಬೇಕಾದ್ದು ಇನ್ನೊಂದಿದೆ. ಅಲ್ಲಿ ತೊಂದರೆ ಕಂಬದ ಗುಂಡಿಗಳದ್ದಷ್ಟೇ ಆಗಿರಲಿಲ್ಲ. ಸೇತುವೆ ಆದರೆ ಭಾರಿ ಲಾರಿಗಳು ಸ್ಮಾರಕಗಳ ನಡುವೆಯೇ ಹಾದುಹೋಗುತ್ತವೆ ಅನ್ನುವುದೂ ದೊಡ್ಡ ಆತಂಕವಾಗಿತ್ತು. ಅಂದರೆ ಸಮೀಕ್ಷೆ ನೆಲದೊಳಗಿನದನ್ನು ನೋಡಿದರೆ ಸಾಲದು. ಸೇತುವೆ ತರುವ ಓಡಾಟವನ್ನೂ ಲೆಕ್ಕ ಹಾಕಬೇಕು.

ಈಗ ನಿಮ್ಮ ಊರಿಗೆ ಬರೋಣ. ಸೇತುವೆ ಕಟ್ಟುವ ಕಡೆಯೇ ಹಳೆಯ ಊರು ಯಾಕೆ ಸಿಗುತ್ತದೆ? ಇದು ಕಾಕತಾಳೀಯ ಅಲ್ಲ. ಎಂಜಿನಿಯರು ಸೇತುವೆಗೆ ಹುಡುಕುವುದು ಹೊಳೆ ಕಿರಿದಾಗಿರುವ ಜಾಗ, ತಳದಲ್ಲಿ ಬಂಡೆ, ಕೊರೆದುಹೋಗದ ದಂಡೆ, ಎರಡೂ ಕಡೆ ಎತ್ತರದ ನೆಲ. ಸಾವಿರಾರು ವರ್ಷದ ಹಿಂದೆ ದನಕರು ಹೊಡೆದುಕೊಂಡು ಹೊಳೆ ದಾಟುತ್ತಿದ್ದವರು ಹುಡುಕಿದ್ದೂ ಅದನ್ನೇ. ಬೇಸಿಗೆಯಲ್ಲಿ ಬಂಡೆಯ ಮೇಲೆ ಹಾಯಬಹುದು, ಮಳೆಗಾಲದಲ್ಲಿ ನೆರೆ ಮೇಲಕ್ಕೆ ಬರುವುದಿಲ್ಲ. ದಾಟುವ ಜಾಗದಲ್ಲಿ ಊರು ಬೆಳೆಯಿತು, ಸುಂಕದ ಕಟ್ಟೆ ಬಂತು, ಗುಡಿ ಬಂತು, ಕಾವಲಿಗೆ ಕೋಟೆ ಬಂತು. ಹಂಪಿಯಲ್ಲೇ ನೋಡಿ, ವಿಠಲ ದೇವಸ್ಥಾನದ ಆಚೆ ಹೊಳೆಯಲ್ಲಿ ವಿಜಯನಗರ ಕಾಲದ ಕಲ್ಲುಸೇತುವೆಯ ಕಂಬಗಳು ಇವತ್ತಿಗೂ ನಿಂತಿವೆ. ಅಲ್ಲಿಂದ ಸ್ವಲ್ಪ ದೂರದಲ್ಲೇ ಹರಿಗೋಲು ಕಟ್ಟುವ ತಳವಾರಘಟ್ಟ. ಈ ಕಾಲದ ಎಂಜಿನಿಯರು ಗುರುತು ಹಾಕಿದ್ದೂ ಅದರ ಹತ್ತಿರವೇ.

ತುಂಗಭದ್ರೆಯ ಉದ್ದಕ್ಕೂ ಹೀಗೇ. ಹಾವೇರಿ ಜಿಲ್ಲೆಯ ಹಳ್ಳೂರು ಇದೇ ಹೊಳೆಯ ದಂಡೆಯ ಮೇಲಿದೆ. 1965ರಲ್ಲಿ ಎಂ.ಎಸ್. ನಾಗರಾಜರಾವ್ ಅಲ್ಲಿ ಅಗೆಸಿದಾಗ, ನವಶಿಲಾಯುಗದ ಮನೆಗಳ ಮೇಲೆ ಕಬ್ಬಿಣ ಯುಗದ ಪದರ ಸಿಕ್ಕಿತು. ದಕ್ಷಿಣ ಭಾರತಕ್ಕೆ ಕಬ್ಬಿಣ ಯಾವಾಗ ಬಂತು ಅನ್ನುವ ಚರ್ಚೆಯಲ್ಲಿ ಈಗಲೂ ಆ ಹೆಸರು ಬರುತ್ತದೆ. ಕಾವೇರಿ ಮತ್ತು ಕಪಿಲೆ ಕೂಡುವ ತಿರುಮಕೂಡಲು ನರಸೀಪುರದಲ್ಲೂ ನವಶಿಲಾಯುಗದ ನೆಲೆ ಇದೆ. ಭೀಮೆಯ ದಂಡೆಯ ಸನ್ನತಿಯಲ್ಲಿ 1980ರ ದಶಕದಲ್ಲಿ ಗುಡಿಯ ಮೂರ್ತಿಯ ಪೀಠವಾಗಿ ಬಳಸಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯಲ್ಲಿ ದಿಬ್ಬವಾಗಿ ಮುಚ್ಚಿಹೋಗಿದ್ದ ಜಾಗವನ್ನು 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯವರು ಅಗೆದಾಗ ದೊಡ್ಡ ಬೌದ್ಧ ಸ್ತೂಪ ಬಂತು. 'ರಾಯೋ ಅಸೋಕೋ' ಅಂತ ಹೆಸರು ಕೆತ್ತಿದ ಅಶೋಕನ ಶಿಲ್ಪ ಸಿಕ್ಕಿದ್ದು ಅಲ್ಲೇ. ಅಗೆಯುವ ಮೊದಲು ನೋಡಿದವರಿಗೆ ಅದು ಬರೀ ಮಣ್ಣುಗುಡ್ಡೆ.

ಹಾಗಂತ ನಿಮ್ಮ ಹಾಳೂರಿನಲ್ಲೂ ಸ್ತೂಪ ಇದೆ ಅಂತ ನಾನು ಹೇಳುತ್ತಿಲ್ಲ. ಹೆಚ್ಚಿನ ಹಾಳೂರುಗಳಲ್ಲಿ ಸಿಗುವುದು ಮಡಕೆ ಚೂರು, ಒಲೆ, ಹಗೇವು, ಬೀಸುಕಲ್ಲು, ಮೂಳೆ, ಬಳೆ ಚೂರು. ಬರ, ದಾಳಿ, ರೋಗ ಅಥವಾ ನೆರೆ ಬಂದು ಜನ ಎದ್ದುಹೋದ ಊರುಗಳು ಇವು. ಬೋಕಿ ನೋಡಿದರೆ ಕಾಲ ಗೊತ್ತಾಗುತ್ತದೆ. ಕೈಯಲ್ಲಿ ಮಾಡಿದ ಬೂದು ಬಣ್ಣದ ಮಡಕೆಯಾದರೆ ನವಶಿಲಾಯುಗದ ಕಡೆ ಯೋಚನೆ ಹೋಗುತ್ತದೆ. ಒಳಗೆ ಮತ್ತು ಬಾಯಿಯ ಕಡೆ ಕಪ್ಪು, ಹೊರಗೆ ಕೆಂಪಾಗಿ ನುಣ್ಣಗಿದ್ದರೆ ಕಬ್ಬಿಣ ಯುಗ, ಬೃಹತ್ ಶಿಲಾ ಸಮಾಧಿಗಳ ಕಾಲ. ನಿಮ್ಮ ಜಿಲ್ಲೆಯ ಹಿರೇಬೆಣಕಲ್ ಗುಡ್ಡದ ಕಲ್ಲುಮನೆಗಳು ಆ ಕಾಲದವು. ಆ ಹುಡುಗರು ಆರಿಸಿದ್ದು ಇದಕ್ಕೇ. ಚಿನ್ನ ಹುಡುಕಲು ಬಂದವರಲ್ಲ.

ಸಮೀಕ್ಷೆ ಅಂದರೆ ಏನು ಅನ್ನುವುದು ಊರವರಿಗೆ ಯಾರೂ ಹೇಳುವುದಿಲ್ಲ, ಅದರಿಂದಲೇ ಅರ್ಧ ಗಾಳಿಸುದ್ದಿ ಹುಟ್ಟುತ್ತದೆ. ಶುರುವಾಗುವುದು ಮೇಜಿನ ಮೇಲೆ. ಹಳೆಯ ಸರ್ವೆ ನಕ್ಷೆ, ಗ್ರಾಮನಕ್ಷೆ, ಗೆಜೆಟಿಯರ್, ಶಾಸನ ಸಂಪುಟ, ಸಂರಕ್ಷಿತ ಸ್ಮಾರಕಗಳ ಪಟ್ಟಿ, ಉಪಗ್ರಹ ಚಿತ್ರ ಇಷ್ಟನ್ನೂ ಮುಂದಿಟ್ಟುಕೊಂಡು ನೋಡುತ್ತಾರೆ. ಆಮೇಲೆ ಕಾಲ್ನಡಿಗೆ. ಬೆಳೆ ಕೊಯ್ದ ಮೇಲೆ, ಉತ್ತ ಹೊಲದಲ್ಲಿ, ಸಾಲು ಸಾಲಾಗಿ ನಡೆಯುತ್ತಾರೆ. ಬಾವಿ ತೋಡಿದ ಮಣ್ಣು, ಹೊಳೆ ಕೊರೆದ ದಂಡೆಯ ಪಕ್ಕ, ಕಾಲುವೆಯ ಬದಿ ನೋಡುತ್ತಾರೆ. ಅಲ್ಲಿ ಪದರಗಳು ತಾವಾಗಿಯೇ ತೆರೆದುಕೊಂಡಿರುತ್ತವೆ, ಅಗೆಯುವ ಕೆಲಸವೇ ಇಲ್ಲ.

ನನ್ನ ಮಟ್ಟಿಗೆ ಯಾವ ಯಂತ್ರಕ್ಕಿಂತ ಹೆಚ್ಚು ಉಪಯೋಗವಾಗಿರುವುದು ಊರ ಹಿರಿಯರ ಜೊತೆ ಕಟ್ಟೆಯ ಮೇಲೆ ಕೂತು ಹೊಲಗಳ ಹೆಸರು ಕೇಳುವುದು. ಕೋಟೆಹೊಲ, ಬಸದಿಹೊಲ, ಬೂದಿದಿಬ್ಬ, ಹಾಳೂರು. ಹಂಪಿ ಹತ್ತಿರದ ನಿಂಬಾಪುರದ ಬೂದಿಗುಡ್ಡೆಯನ್ನು ಜನ ವಾಲಿಯನ್ನು ಸುಟ್ಟ ಬೂದಿ ಅನ್ನುತ್ತಾರೆ. ಬಳ್ಳಾರಿ ಕಡೆಯ ಕುಡತಿನಿಯಲ್ಲೂ ಅಂಥ ದಿಬ್ಬ ಇದೆ. ಪರೀಕ್ಷಿಸಿದರೆ ಇವು ಸುಮಾರು ನಾಲ್ಕು ಸಾವಿರ ವರ್ಷದ ಹಿಂದಿನ ದನಗಾಹಿಗಳು ಸಗಣಿ ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟದ್ದರಿಂದ ಆದ ಬೂದಿ. ವಾಲಿಯ ಕಥೆ ನಡೆದದ್ದೋ ಇಲ್ಲವೋ, ಅಲ್ಲಿರುವುದು ಬೂದಿ ಅನ್ನುವುದನ್ನಂತೂ ಜನ ಸರಿಯಾಗಿಯೇ ಗುರುತಿಸಿದ್ದರು.

ಯಂತ್ರಗಳೂ ಇವೆ. ನೆಲದೊಳಗೆ ರೇಡಾರ್ ಅಲೆ ಬಿಡುವ ಯಂತ್ರ, ಮಣ್ಣಿನ ಕಾಂತೀಯ ವ್ಯತ್ಯಾಸ ಅಳೆಯುವ ಯಂತ್ರ, ವಿದ್ಯುತ್ ಹರಿಸಿ ನೋಡುವ ಯಂತ್ರ. ಎರೆಮಣ್ಣಿನಲ್ಲಿ ರೇಡಾರ್ ಅಷ್ಟು ಕೆಲಸ ಮಾಡುವುದಿಲ್ಲ. ಜೇಡಿಯಂಶ ಮತ್ತು ತೇವ ಅಲೆಯನ್ನು ನುಂಗಿಬಿಡುತ್ತವೆ. ಮಸಾರಿ ನೆಲದಲ್ಲಿ ಪರವಾಗಿಲ್ಲ. ಆದ್ದರಿಂದ 'ಯಂತ್ರ ತಂದರು, ಏನೂ ಇಲ್ಲ ಅಂತ ಬಂತು' ಅಂತ ಯಾರಾದರೂ ಹೇಳಿದರೆ ಯಾವ ಮಣ್ಣಿನಲ್ಲಿ ಅಂತ ಕೇಳಿ. ಹಾಗೆಯೇ, ಕಂಬದ ಬುನಾದಿಗಾಗಿ ಎಂಜಿನಿಯರುಗಳು ಹೇಗೂ ಬೋರ್ ಕೊರೆದು ಮಣ್ಣಿನ ಮಾದರಿ ತೆಗೆಯುತ್ತಾರೆ. ಅದನ್ನು ಎಸೆಯುವ ಮೊದಲು ಪುರಾತತ್ವದವರಿಗೆ ತೋರಿಸಿದರೆ ಹೆಚ್ಚು ಖರ್ಚಿಲ್ಲದೆ ಒಳ್ಳೆಯ ಮಾಹಿತಿ ಸಿಗುತ್ತದೆ. ನಮ್ಮಲ್ಲಿ ಇದನ್ನು ಮಾಡುವವರು ಕಡಿಮೆ.

ಕೊನೆಯದು ಪರೀಕ್ಷಾ ಗುಂಡಿ. ಸಣ್ಣ ಚೌಕ, ನೇರ ಗೋಡೆ, ಪದರ ಪದರವಾಗಿ. ಇದನ್ನು ಯಾರು ಬೇಕಾದರೂ ತೋಡುವಂತಿಲ್ಲ. ಸಂರಕ್ಷಿತವಲ್ಲದ ಜಾಗದಲ್ಲಿ ರಾಜ್ಯ ಸರ್ಕಾರ ಅಗೆಸಬೇಕಾದರೂ ಕೇಂದ್ರದ ಪೂರ್ವಾನುಮತಿ ಬೇಕು. ಯಾರಾದರೂ ಕಾಗದ ಇಲ್ಲದೆ ಗುದ್ದಲಿ ಹಿಡಿದು ಬಂದರೆ, ಅವರು ಪುರಾತತ್ವದವರು ಅಂತ ಹೇಳಿಕೊಂಡರೂ ನಂಬಬೇಡಿ. ಗುರುತುಪತ್ರ ಕೇಳುವುದರಲ್ಲಿ ತಪ್ಪೇನಿಲ್ಲ.

ನಮ್ಮ ದೇಶದಲ್ಲಿ ಪ್ರತಿ ಸೇತುವೆಗೂ ಮೊದಲು ಇಂಥ ಸಮೀಕ್ಷೆ ಮಾಡಲೇಬೇಕು ಅನ್ನುವ ಸಾಮಾನ್ಯ ಕಾನೂನು ಇಲ್ಲ. ಕಾನೂನು ಬಿಗಿ ಇರುವುದು ಸಂರಕ್ಷಿತ ಸ್ಮಾರಕಗಳ ಸುತ್ತ. ಪ್ರಾಚೀನ ಸ್ಮಾರಕಗಳ ಬಗೆಗಿನ 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲನೆಯದರಲ್ಲಿ ಹೊಸ ನಿರ್ಮಾಣಕ್ಕೆ ಅವಕಾಶ ಇಲ್ಲ. ಎರಡನೆಯದರಲ್ಲಿ ಅನುಮತಿ ಪಡೆದು ಕಟ್ಟಬಹುದು, ದೊಡ್ಡ ಯೋಜನೆಗಳ ಪರಿಣಾಮವನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ನೋಡುತ್ತದೆ. ವಿಶ್ವಬ್ಯಾಂಕ್‌ನಂಥವರ ಸಾಲದ ಯೋಜನೆಯಾದರೆ ಅವರ ಷರತ್ತಿನಲ್ಲೂ ಸಾಂಸ್ಕೃತಿಕ ಪರಂಪರೆಯ ಪರಿಶೀಲನೆ ಇರುತ್ತದೆ. ರಾಜ್ಯ ಪುರಾತತ್ವ ಇಲಾಖೆ ಊರೂರು ಸುತ್ತಿ ಮಾಡಿಸುವ ಗ್ರಾಮವಾರು ಸಮೀಕ್ಷೆ ಬೇರೆ. ನಿಮ್ಮಲ್ಲಿಗೆ ಬಂದದ್ದು ಇದರಲ್ಲಿ ಯಾವುದು ಅಂತ ಲೋಕೋಪಯೋಗಿ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಸೇತುವೆಯ ಯೋಜನೆಗೇ ಸೇರಿದ್ದಾದರೆ ವರದಿ ನಕ್ಷೆಯ ಜೊತೆಗೇ ಹೋಗುತ್ತದೆ. ಗ್ರಾಮವಾರು ಸಮೀಕ್ಷೆಯಾದರೆ ಅದು ಮೈಸೂರಿನ ಕೇಂದ್ರ ಕಚೇರಿಯ ಕಡತ ಸೇರುತ್ತದೆ, ಸೇತುವೆಯ ಎಂಜಿನಿಯರಿಗೆ ಸುದ್ದಿಯೇ ಇರುವುದಿಲ್ಲ. ಆ ಎರಡು ಕಚೇರಿಗಳ ನಡುವೆ ಕೊಂಡಿಯಾಗುವುದು ಕೆಲವೊಮ್ಮೆ ನಿಮ್ಮಂಥ ರೈತರೇ.

ದಿಬ್ಬದಲ್ಲಿ ನಿಜವಾಗಿಯೂ ಹಳೆಯ ಊರು ಇದೆ ಅಂತ ಖಚಿತವಾದರೆ ಏನಾಗಬಹುದು?

ಎಲ್ಲಕ್ಕಿಂತ ಸುಲಭದ ದಾರಿ ರಸ್ತೆಯನ್ನು ಸ್ವಲ್ಪ ವಾಲಿಸುವುದು. ಸೇತುವೆಯ ಕಂಬಗಳ ಜಾಗ ಬದಲಿಸುವುದು ಕಷ್ಟ, ಬಂಡೆ ಎಲ್ಲಿದೆಯೋ ಅಲ್ಲೇ ನಿಲ್ಲಬೇಕು. ಆದರೆ ಅಪ್ರೋಚ್ ರಸ್ತೆಯ ತಿರುವು ಬದಲಿಸಬಹುದು. ನಿಮ್ಮ ಪತ್ರದ ಪ್ರಕಾರ ದಿಬ್ಬ ಇರುವುದು ಹೊಲದ ಮೂಲೆಯಲ್ಲಿ. ಹತ್ತಾರು ಮೀಟರ್ ಸರಿಸಿದರೆ ಸಾಕಾಗಬಹುದು. ಇದರಲ್ಲೂ ತೊಡಕಿದೆ: ಸರಿಸಿದ ರಸ್ತೆ ಪಕ್ಕದವರ ಹೊಲಕ್ಕೆ ಹೋಗುತ್ತದೆ, ಅವರು ತಕರಾರು ತೆಗೆಯಬಹುದು. ಭೂಸ್ವಾಧೀನದ ಅಧಿಸೂಚನೆ ಆಗಿಬಿಟ್ಟಿದ್ದರೆ ಮತ್ತೆ ಮೊದಲಿಂದ. ಅದಕ್ಕೇ ಸಮಯ ಮುಖ್ಯ ಅಂದದ್ದು.

ಸರಿಸಲು ಆಗದಿದ್ದರೆ ಮುಚ್ಚಿ ಉಳಿಸುವುದು ಒಂದು ದಾರಿ. ದಿಬ್ಬದ ಮೇಲೆ ಬಟ್ಟೆಯಂಥ ಪದರ ಹಾಸಿ, ಹೊರಗಿನ ಮಣ್ಣು ತುಂಬಿ, ಅದರ ಮೇಲೆ ರಸ್ತೆ ಎತ್ತರಿಸುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ರೋಲರ್ ಓಡಿಸಿದ ಏರಿಯ ಭಾರ ಕೆಳಗಿನ ಪದರಗಳನ್ನು ಅಮುಕುತ್ತದೆ, ನೀರಿನ ಹರಿವು ಬದಲಾಗುತ್ತದೆ, ಮುಂದೆ ನೂರು ವರ್ಷ ಯಾರೂ ಅದನ್ನು ನೋಡಲಾಗುವುದಿಲ್ಲ. ಮೆತ್ತಗಿನ ಬೂದಿದಿಬ್ಬಕ್ಕೆ ಇದನ್ನು ನಾನು ಒಪ್ಪುವುದಿಲ್ಲ. ಗಟ್ಟಿ ಕಲ್ಲಿನ ಬುನಾದಿಗಳಷ್ಟೇ ಇದ್ದರೆ ಯೋಚಿಸಬಹುದು.

ಮೂರನೆಯದು ಅಗೆದು ದಾಖಲಿಸುವುದು. ಇದಕ್ಕೆ ದೇಶದಲ್ಲೇ ದೊಡ್ಡ ಉದಾಹರಣೆ ಆಂಧ್ರದ ಹಳೆಯ ಬೌದ್ಧ ನೆಲೆ ನಾಗಾರ್ಜುನಕೊಂಡ. ಕೃಷ್ಣೆಗೆ ಅಣೆಕಟ್ಟು ಬರುತ್ತದೆ ಅಂತ ಗೊತ್ತಾದ ಮೇಲೆ 1954ರಿಂದ 1960ರವರೆಗೆ ಆ ಕಣಿವೆಯಲ್ಲಿ ಅಗೆತ ನಡೆಯಿತು. ಆಯ್ದ ಕಟ್ಟಡಗಳನ್ನು ಗುಡ್ಡದ ಮೇಲೆ ಮತ್ತೆ ಕಟ್ಟಿದರು, ಆ ಗುಡ್ಡವೇ ಈಗ ದ್ವೀಪ. ಉಳಿದದ್ದೆಲ್ಲ ನೀರಿನಡಿ. ಅಗೆತ ಅಂದರೆ ಜಾಗವನ್ನು ಓದುತ್ತ ಓದುತ್ತ ಕೆಡವುವುದು. ಎರಡನೇ ಸಲ ಓದಲು ಸಿಗುವುದಿಲ್ಲ. ಮಳೆಗಾಲದಲ್ಲಿ ಮಾಡಲಾಗುವುದಿಲ್ಲ, ಸಿಕ್ಕಿದ್ದನ್ನು ವಿಂಗಡಿಸಿ ವರದಿ ಬರೆಯುವುದು ಅಗೆದದ್ದಕ್ಕಿಂತ ಜಾಸ್ತಿ ಕಾಲ ಹಿಡಿಯುತ್ತದೆ. ಎಷ್ಟೋ ವರದಿಗಳು ಹೊರಗೆ ಬರದೇ ಉಳಿದಿವೆ ಅನ್ನುವುದು ನಮ್ಮ ವೃತ್ತಿಯ ನಾಚಿಕೆ. ಆದರೆ ಮೊದಲೇ ವೇಳಾಪಟ್ಟಿಯಲ್ಲಿ ಸೇರಿಸಿಕೊಂಡರೆ ಸೇತುವೆಗೆ ಇದರಿಂದ ಅಡ್ಡಿ ಇಲ್ಲ. ಸ್ಕಾಟ್ಲೆಂಡಿನಲ್ಲಿ ಫೋರ್ತ್ ನದಿಯ ಅಳಿವೆಗೆ ಹೊಸ ಸೇತುವೆ ಕಟ್ಟುವ ಮುನ್ನ ದಂಡೆಯ ಹೊಲವೊಂದನ್ನು ಪುರಾತತ್ವದವರು ಅಗೆದರು. ಅಲ್ಲಿ ಸುಮಾರು 10,000 ವರ್ಷ ಹಿಂದಿನ ಮನೆಯ ಗುಂಡಿ, ಒಲೆಗಳು, ಸುಟ್ಟ ಕಾಯಿಗಳ ಸಿಪ್ಪೆ ಸಿಕ್ಕವು. 2012ರಲ್ಲಿ ಆ ಸುದ್ದಿ ಹೊರಬಂತು. ದಾಖಲಿಸಿ ಮುಗಿಸಿದರು. 2017ರಲ್ಲಿ ಸೇತುವೆ ಮೇಲೆ ವಾಹನ ಓಡಿದವು.

ಇನ್ನು ಎತ್ತಿ ಬೇರೆ ಕಡೆ ಇಡುವುದು. ಶ್ರೀಶೈಲ ಅಣೆಕಟ್ಟಿಗೆ ಮುಳುಗುತ್ತಿದ್ದ ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯ ಬಾದಾಮಿ ಚಾಲುಕ್ಯರದು. ಅದನ್ನು ಕಲ್ಲು ಕಲ್ಲು ಬಿಚ್ಚಿ ಆಲಂಪುರದಲ್ಲಿ ಮತ್ತೆ ಜೋಡಿಸಿದರು. ಶ್ರೀರಂಗಪಟ್ಟಣದಲ್ಲಿ ಬೆಂಗಳೂರು–ಮೈಸೂರು ಜೋಡಿ ಹಳಿಗೆ ಅಡ್ಡ ಇದ್ದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಬಿಚ್ಚದೆ ಇಡಿಯಾಗಿ ಜಾಕ್ ಮೇಲೆ ಎತ್ತಿ ಪಕ್ಕಕ್ಕೆ ಜರುಗಿಸಿದರು. ಬೆರಗಾಗುವ ಎಂಜಿನಿಯರಿಂಗ್. ಆದರೆ ಆ ಒಂದು ಕಟ್ಟಡಕ್ಕಾಗಿ ಹಳಿಯ ಕೆಲಸ ವರ್ಷಗಟ್ಟಲೆ ಕಾಯಿತು. ಅದೂ ಅಲ್ಲದೆ ಹೀಗೆ ಜರುಗಿಸಬಹುದಾದದ್ದು ಕಟ್ಟಡವನ್ನು ಮಾತ್ರ. ಹಾಳೂರನ್ನು ಎತ್ತಿ ಇಡಲಾಗುವುದಿಲ್ಲ.

ಇವುಗಳಲ್ಲಿ ನಿಮ್ಮ ಜಾಗಕ್ಕೆ ಯಾವುದು ಅಂತ ಇಲ್ಲಿಂದ ಹೇಳಲು ಬರುವುದಿಲ್ಲ. ನಾನು ಸ್ಥಳದಲ್ಲಿದ್ದರೆ ಮೊದಲು ರಸ್ತೆ ಸರಿಸುವುದಕ್ಕೇ ಜಗ್ಗಾಡುತ್ತಿದ್ದೆ.

ಒಂದು ವಿಷಯ ನೀವು ಕೇಳಿಲ್ಲ, ಆದರೆ ಹೇಳಲೇಬೇಕು. ಸೇತುವೆಯ ಕಂಬದಿಂದ ಹಳೆಯ ಊರು ಹಾಳಾಗುವುದು ಕಡಿಮೆ. ಹಾಳಾಗುವುದು ಏರಿಗೆ ತುಂಬುವ ಮಣ್ಣಿನಿಂದ. ಅಪ್ರೋಚ್ ಎತ್ತರಿಸಲು ಲಾರಿಗಟ್ಟಲೆ ಮಣ್ಣು ಬೇಕು. ಗುತ್ತಿಗೆದಾರ ಹತ್ತಿರದಲ್ಲಿ ಎಲ್ಲಿ ದಿಬ್ಬ ಇದೆ ಅಂತ ನೋಡುತ್ತಾನೆ. ಹೊಲದ ಮಾಲೀಕರಿಗೂ ದಿಬ್ಬ ಹೋಗಿ ನೆಲ ಮಟ್ಟವಾದರೆ ಖುಷಿ, ಮೇಲೆ ದುಡ್ಡೂ ಸಿಗುತ್ತದೆ. ಹಾಳೂರಿನ ಬೂದುಮಣ್ಣನ್ನು ಗೊಬ್ಬರ ಅಂತ ಹೊಲಕ್ಕೆ ಹೊಡೆಯುವ ರೂಢಿ ನಮ್ಮ ಕಡೆ ಮೊದಲಿಂದಲೂ ಇದೆ, ಅಲ್ವಾ? ಅದು ಬುಟ್ಟಿ ಬುಟ್ಟಿ ಹೋಗುತ್ತಿತ್ತು. ಈಗ ಯಂತ್ರ ಬಂದರೆ ಒಂದು ವಾರದಲ್ಲಿ ಇಡೀ ಊರು ಮಾಯ. ರಸ್ತೆಯ ಗೆರೆಯಲ್ಲಿ ಮಾತ್ರ ಸಮೀಕ್ಷೆ ಮಾಡಿ, ಮಣ್ಣು ಎಲ್ಲಿಂದ ತರುತ್ತಾರೆ ಅನ್ನುವುದನ್ನು ಬಿಟ್ಟುಬಿಟ್ಟ ವರದಿಗಳನ್ನು ನಾನು ನೋಡಿದ್ದೇನೆ. ಜಲ್ಲಿ ಕ್ರಷರ್, ಕಾಂಕ್ರೀಟ್ ಕಲೆಸುವ ಘಟಕ, ಕೂಲಿಕಾರರ ಶೆಡ್ಡು, ಹಂಗಾಮಿ ರಸ್ತೆ ಇವುಗಳಿಗೂ ಜಾಗ ಬೇಕು. ಸಭೆ ಕರೆದಾಗ ಇದನ್ನು ಕೇಳಿ: ಮಣ್ಣು ಎಲ್ಲಿಂದ?

ಹೊಲ ಹೋಗುತ್ತದೆಯೇ ಅನ್ನುವ ಭಯಕ್ಕೆ ಬರುತ್ತೇನೆ. ಬೋಕಿ ಸಿಕ್ಕ ಮಾತ್ರಕ್ಕೆ ಪಹಣಿಯಲ್ಲಿ ಒಂದಕ್ಷರ ಬದಲಾಗುವುದಿಲ್ಲ. ಜಾಗ ತುಂಬಾ ಮಹತ್ವದ್ದು ಅನ್ನಿಸಿ ಸಂರಕ್ಷಿತ ಅಂತ ಘೋಷಿಸಬೇಕಾದರೆ ಮೊದಲು ನೋಟಿಸ್ ಹೊರಡಿಸಬೇಕು. ಕೇಂದ್ರ ಕಾಯ್ದೆಯಲ್ಲಿ ಆಕ್ಷೇಪಣೆಗೆ ಎರಡು ತಿಂಗಳು ಕಾಲಾವಕಾಶ ಇದೆ. ಘೋಷಣೆ ಆದ ಮೇಲೂ ಜಮೀನು ತಾನಾಗಿಯೇ ಸರ್ಕಾರದ್ದಾಗುವುದಿಲ್ಲ, ತೆಗೆದುಕೊಳ್ಳಬೇಕಾದರೆ ಪರಿಹಾರ ಕೊಟ್ಟು ಸ್ವಾಧೀನ ಮಾಡಿಕೊಳ್ಳಬೇಕು. ಬೇಸಾಯದ ಬಗ್ಗೆಯೂ ಆ ಕಾಯ್ದೆಯಲ್ಲಿ ಒಂದು ಮಾತಿದೆ, ಅದು ಹೆಚ್ಚಿನವರಿಗೆ ಗೊತ್ತಿಲ್ಲ: ಸಂರಕ್ಷಿತ ಪ್ರದೇಶದಲ್ಲೂ ಒಂದು ಅಡಿಗಿಂತ ಆಳ ಅಗೆಯದ ಬೇಸಾಯಕ್ಕೆ ತಡೆ ಇಲ್ಲ. ಆದರೆ ಸುಮ್ನೆ ಸಮಾಧಾನ ಹೇಳಬಾರದು. ಹಾಗೆ ಘೋಷಣೆಯಾದರೆ ಅಲ್ಲಿ ಮನೆ ಕಟ್ಟಲು, ಬಾವಿ ತೋಡಲು ಅನುಮತಿ ಬೇಕಾಗುತ್ತದೆ. ಅಕ್ಕಪಕ್ಕದ 100 ಮೀಟರ್ ನಿಯಮವೂ ಬರುತ್ತದೆ. ಅದು ನಿಜವಾದ ಹೊರೆಯೇ. ಆದರೆ ಬರೀ ಬೋಕಿ ಸಿಗುವ ಹಾಳೂರುಗಳು ಸಂರಕ್ಷಿತ ಪಟ್ಟಿಗೆ ಏರುವುದು ಅಪರೂಪ. ಏರದಿರುವುದೇ ನಮ್ಮಂಥವರ ದೂರು!

ವೀರಗಲ್ಲಿನ ವಿಷಯದಲ್ಲಿ ನಿಮಗೆ ಎಂಜಿನಿಯರಿಗಿಂತ ನಿಧಿಗಳ್ಳರ ಕಾಟ ಹೆಚ್ಚಾಗಬಹುದು. ಸಮೀಕ್ಷೆ ಆಯಿತು ಅಂತ ಸುದ್ದಿ ಹರಡಿದರೆ ಅಮಾವಾಸ್ಯೆ ರಾತ್ರಿ ಗುದ್ದಲಿ ಹಿಡಿದು ಬರುವವರು ಇದ್ದಾರೆ. ವೀರಗಲ್ಲಿನ ಕೆಳಗೆ ನಿಧಿ ಇರುವುದಿಲ್ಲ. ದನ ಹೊಡೆದೊಯ್ಯುವ ತುರುಗೋಳಿನಲ್ಲೋ ಊರಿನ ಕಾಳಗದಲ್ಲೋ ಸತ್ತವನ ನೆನಪಿಗೆ ನೆಟ್ಟ ಕಲ್ಲು ಅದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಒಯ್ಯುವುದು, ಮೇಲೆ ಲಿಂಗದ ಎದುರು ಕೂತಿರುವುದು ಸಾಮಾನ್ಯ. ಎರಡು ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಅಕ್ಷರ ಇದೆಯೇ ನೋಡಿ. ಇದ್ದರೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೊ ತೆಗೆಯಿರಿ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಿ. ಸುಣ್ಣ, ಪೇಂಟು, ಎಣ್ಣೆ ಹಚ್ಚಬೇಡಿ. ಆಸಿಡ್‌ನಿಂದ ತೊಳೆಯುವುದಂತೂ ಬೇಡವೇ ಬೇಡ. ರಸ್ತೆಗಾಗಿ ಅದನ್ನು ಎತ್ತಲೇಬೇಕಾದರೆ ಇಲಾಖೆಯವರ ಎದುರಿಗೆ ಎತ್ತಲಿ, ಊರೊಳಗೇ, ಗುಡಿಯ ಬಳಿಯಲ್ಲೋ ಶಾಲೆಯ ಆವರಣದಲ್ಲೋ ನಿಲ್ಲಿಸಲಿ. ಮೊದಲು ನಿಂತಿದ್ದ ಜಾಗ ಮತ್ತು ಮುಖ ಮಾಡಿದ್ದ ದಿಕ್ಕು ದಾಖಲಾಗಲಿ.

ಈ ವಾರ ಮಾಡಬೇಕಾದ ಕೆಲಸ ಹೆಚ್ಚಿಲ್ಲ. ಅಪ್ರೋಚ್ ರಸ್ತೆಯ ನಕ್ಷೆಯ ಪ್ರತಿಯನ್ನು ಲೋಕೋಪಯೋಗಿ ಇಲಾಖೆಯಲ್ಲಿ ಕೇಳಿ. ಸುಮ್ಮನೆ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಅದರ ಮೇಲೆ ದಿಬ್ಬ, ವೀರಗಲ್ಲು, ಹಳೆಯ ಬಾವಿ ಇದ್ದರೆ ಅದನ್ನೂ ಪೆನ್ನಿನಲ್ಲಿ ಗುರುತು ಹಾಕಿ. ಒಂದು ಪ್ರತಿ ಪಂಚಾಯಿತಿಗೆ, ಒಂದು ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ, ಇನ್ನೊಂದು ಸೇತುವೆಯ ಎಂಜಿನಿಯರಿಗೆ ಕೊಟ್ಟು ಮೂರಕ್ಕೂ ಸ್ವೀಕೃತಿ ಪಡೆಯಿರಿ. ಈ ಪ್ರತಿಗಳ ಜೊತೆ ಕೊಡುವ ಅರ್ಜಿಯಲ್ಲಿ 'ಸೇತುವೆ ನಿಲ್ಲಿಸಿ' ಅಂತ ಬರೆಯಬೇಡಿ. 'ಸೇತುವೆ ಬೇಕು, ರಸ್ತೆಯ ತಿರುವು ಪರಿಶೀಲಿಸಿ' ಅಂತ ಬರೆಯಿರಿ. ನಿಮ್ಮ ದೊಡ್ಡಪ್ಪನ ಮಗನ ಕೈಯಲ್ಲೇ ಸಹಿ ಹಾಕಿಸಿ, ಜೆಸಿಬಿಯ ಉಮೇದು ಇಲ್ಲಿ ಉಪಯೋಗಕ್ಕೆ ಬರಲಿ.

ನಾಣ್ಯದ ವಿಷಯ ಕೊನೆಗೆ ಇಟ್ಟುಕೊಂಡೆ, ಯಾಕೆಂದರೆ ಅದು ಸೇತುವೆಗೆ ಸಂಬಂಧಿಸಿದ್ದಲ್ಲ. ನೆಲದಲ್ಲಿ ಸಿಕ್ಕ ಬೆಲೆಬಾಳುವ ವಸ್ತುವಿನ ಬಗ್ಗೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅನ್ನುವುದು ನಿಧಿ ಕಾಯ್ದೆಯ ನಿಯಮ, ಮುಚ್ಚಿಟ್ಟರೆ ಶಿಕ್ಷೆ ಇದೆ. ತಂದೆಯವರು ತಿಳಿಯದೆ ಇಟ್ಟದ್ದು ಅಂತ ಹೇಳಿ ತಹಶೀಲ್ದಾರರ ಮೂಲಕ ಬರವಣಿಗೆಯಲ್ಲಿ ತಿಳಿಸಿ. ತಾನಾಗಿ ಬಂದು ಹೇಳಿದವರನ್ನು ಸಾಮಾನ್ಯವಾಗಿ ಯಾರೂ ಸತಾಯಿಸುವುದಿಲ್ಲ, ಆದರೂ ಒಬ್ಬ ವಕೀಲರನ್ನು ಕೇಳಿಕೊಂಡು ಹೋಗುವುದು ಒಳ್ಳೆಯದು. ಕೊಡುವ ಮೊದಲು ಎರಡೂ ಮುಖದ ಫೋಟೊ ತೆಗೆದು, ತೂಕ ಬರೆದು, ಪಂಚನಾಮೆಯ ಪ್ರತಿ ಪಡೆಯಿರಿ. ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ, ಮೇಲಿನ ಅಚ್ಚು ಸವೆದರೆ ಯಾವ ರಾಜನದು ಅಂತ ಹೇಳಲಾಗುವುದಿಲ್ಲ. ಹೊಲದ ಯಾವ ಭಾಗದಲ್ಲಿ, ಯಾವ ಸಾಲಿನ ಹತ್ತಿರ ಸಿಕ್ಕಿತು ಅನ್ನುವುದು ಅಪ್ಪನಿಗೆ ನೆನಪಿದ್ದರೆ ಅದನ್ನು ಇವತ್ತೇ ಬರೆದಿಟ್ಟುಕೊಳ್ಳಿ. ದಿಬ್ಬದ ಕಾಲ ಹೇಳುವುದಕ್ಕೆ ಅದು ನಾಣ್ಯದಷ್ಟೇ ಬೇಕಾಗುತ್ತದೆ.